ಆಪರೇಶನ್ ನಂತರದ ಗಂಟಲು ನೋವು ಮತ್ತು ಉಸಿರಾಟದ ಟ್ಯೂಬಿನ ಅಳತೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮುಂಬಯಿಯಲ್ಲಿ ಅರಿವಳಿಕೆ ಕೊಡುವ ವೈದ್ಯೆ. ಮಾಟುಂಗಾ, ಮುಲುಂಡ್, ಥಾಣೆ, ಡೊಂಬಿವಲಿ ಕಡೆಯ ಕನ್ನಡಿಗರು ಆಪರೇಶನ್‌ಗೆ ಬಂದಾಗ ನನ್ನ ಮಾತು ಕೇಳಿ ಮುಖ ಅರಳಿಸುತ್ತಾರೆ, ಆಮೇಲೆ ಸಂಕೋಚ ಬಿಟ್ಟು ಪ್ರಶ್ನೆ ಕೇಳುತ್ತಾರೆ. ಹೊಲಿಗೆಯ ಬಗ್ಗೆ, ಪಥ್ಯದ ಬಗ್ಗೆ ಕೇಳಲು ಸರ್ಜನ್ ಇದ್ದಾರೆ. ಗಂಟಲಿನ ನೋವನ್ನು ಯಾರ ಮುಂದೆ ಹೇಳಿಕೊಳ್ಳುವುದು ಎಂಬುದೇ ಹಲವರಿಗೆ ತಿಳಿಯದು. 'ಇಷ್ಟು ದೊಡ್ಡ ಆಪರೇಶನ್ ಆಗಿದೆ, ಗಂಟಲು ನೋವನ್ನೇನು ದೊಡ್ಡದು ಮಾಡುವುದು' ಎಂದು ನುಂಗಿಕೊಂಡು ಮನೆಗೆ ಹೋಗುತ್ತಾರೆ. ಹಾಗೆ ನುಂಗಿಕೊಳ್ಳುವ ಅಗತ್ಯವಿಲ್ಲ. ಈ ನೋವಿಗೆ ಕಾರಣಗಳಿವೆ, ಅವುಗಳಲ್ಲಿ ಕೆಲವು ನಮ್ಮ ಕೈಯಲ್ಲೇ ಇವೆ, ಟ್ಯೂಬಿನ ಅಳತೆ ಅವುಗಳಲ್ಲಿ ಮುಖ್ಯವಾದದ್ದು.

ಆಪರೇಶನ್ ಆಗಿದ್ದು ಪಿತ್ತಕೋಶಕ್ಕೆ. ಗಂಟಲು ಏಕೆ ನೋಯುತ್ತಿದೆ?

ಪೂರ್ತಿ ಅರಿವಳಿಕೆ ಕೊಟ್ಟಾಗ ನಿದ್ದೆಯ ಔಷಧದ ಜೊತೆಗೆ ಸ್ನಾಯುಗಳನ್ನು ಸಡಿಲಿಸುವ ಔಷಧವನ್ನೂ ಕೊಡುತ್ತೇವೆ. ಆಗ ನಿಮ್ಮ ಸ್ವಂತ ಉಸಿರಾಟ ನಿಲ್ಲುತ್ತದೆ. ಆ ಹೊತ್ತು ನಿಮ್ಮ ಪರವಾಗಿ ಯಂತ್ರ ಉಸಿರಾಡಿಸುತ್ತದೆ. ಅದಕ್ಕಾಗಿ ಬಾಯಿಯ ಮೂಲಕ, ಧ್ವನಿತಂತುಗಳ ನಡುವಿನಿಂದ, ಶ್ವಾಸನಾಳದೊಳಗೆ ಒಂದು ಪ್ಲಾಸ್ಟಿಕ್ ಟ್ಯೂಬನ್ನು ಇಳಿಸುತ್ತೇವೆ. ಹೊಟ್ಟೆಯಲ್ಲಿರುವ ಆಮ್ಲ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯದಂತೆ ತಡೆಯುವುದೂ ಈ ಟ್ಯೂಬೇ. ದುರ್ಬೀನಿನಿಂದ ಪಿತ್ತಕೋಶ ತೆಗೆಯುವಾಗ ಹೊಟ್ಟೆಗೆ ಅನಿಲ ತುಂಬುವುದರಿಂದ ಸಾಮಾನ್ಯವಾಗಿ ಟ್ಯೂಬ್ ಬೇಕೇ ಬೇಕು.

ನೀವು ಪೂರ್ತಿ ಎಚ್ಚರವಾಗುವ ಹೊತ್ತಿಗೆ ಟ್ಯೂಬನ್ನು ತೆಗೆದಿರುತ್ತೇವೆ. ಆದ್ದರಿಂದ ಬಹಳ ಜನರಿಗೆ ತಮ್ಮ ಗಂಟಲಲ್ಲಿ ಅಂಥದ್ದೊಂದು ಇತ್ತು ಎಂಬುದೇ ಗೊತ್ತಿರುವುದಿಲ್ಲ. ಟ್ಯೂಬ್ ಒಳಗೆ ಹೋಗುವಾಗ ತರಚುವುದು, ಗಂಟೆಗಟ್ಟಲೆ ಒಂದೇ ಕಡೆ ಒತ್ತಿಕೊಂಡಿರುವುದು, ಎಚ್ಚರವಾಗುವಾಗ ಕೆಮ್ಮಿದರೆ ಉಜ್ಜುವುದು, ಕೊನೆಗೆ ಗಂಟಲಿನ ಜೊಲ್ಲನ್ನು ಹೀರಿ ತೆಗೆಯುವ ಕೊಳವೆಯ ತುದಿ ತಾಗುವುದು, ಇವೆಲ್ಲ ಸೇರಿ ಆ ನೋವು.

ಎಷ್ಟು ಜನರಿಗೆ ಬರುತ್ತದೆ? ಎಷ್ಟು ದಿನ ಇರುತ್ತದೆ?

ಟ್ಯೂಬ್ ಹಾಕಿದವರಲ್ಲಿ ಐದರಲ್ಲಿ ಒಬ್ಬರಿಂದ ಹಿಡಿದು ಅರ್ಧಕ್ಕಿಂತ ಹೆಚ್ಚು ಜನರವರೆಗೆ ಎಂದು ಬೇರೆ ಬೇರೆ ಅಧ್ಯಯನಗಳು ಬೇರೆ ಬೇರೆ ಲೆಕ್ಕ ಕೊಟ್ಟಿವೆ. 'ಗಂಟಲು ನೋಯುತ್ತಿದೆಯೇ' ಎಂದು ನೇರವಾಗಿ ಕೇಳಿದರೆ ಹೌದು ಎನ್ನುವವರು ಹೆಚ್ಚು. ಕೇಳದಿದ್ದರೆ ಹೇಳುವವರು ಕಡಿಮೆ. ಮೊದಲ ಕೆಲವು ಗಂಟೆಗಳಲ್ಲಿ ನೋವು ಜೋರಾಗಿರುತ್ತದೆ. ಹೆಚ್ಚಿನವರಿಗೆ ಒಂದರಿಂದ ಮೂರು ದಿನಗಳಲ್ಲಿ ತಾನಾಗಿ ಇಳಿಯುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಹೆಚ್ಚು ಕಾಡುತ್ತದೆ. ಬೀಡಿ ಸಿಗರೇಟು ಸೇದುವವರಿಗೂ, ಟ್ಯೂಬ್ ಹಾಕಲು ಒಂದಕ್ಕಿಂತ ಹೆಚ್ಚು ಬಾರಿ ಪ್ರಯತ್ನಿಸಬೇಕಾಗಿ ಬಂದವರಿಗೂ, ಮೂಗಿನಿಂದ ಹೊಟ್ಟೆಗೆ ಬೇರೊಂದು ನಳಿಕೆ ಹಾಕಿದ್ದವರಿಗೂ ಹಾಗೆಯೇ.

ಚೀಟಿಯಲ್ಲಿ '7.5' ಎಂದು ಬರೆದಿದ್ದರು. ಅದೇನು ಅಳತೆ?

ಟ್ಯೂಬಿನ ಒಳರಂಧ್ರದ ಅಗಲ, ಮಿಲಿಮೀಟರಿನಲ್ಲಿ. ಅರ್ಧರ್ಧ ಮಿಲಿಮೀಟರ್ ಹೆಚ್ಚಿಸುತ್ತ 6, 6.5, 7, 7.5, 8 ಎಂದು ಬರುತ್ತವೆ. ಗಂಟಲಿಗೆ ತಾಗುವುದು ಹೊರಮೈ ಎಂಬುದನ್ನು ಮರೆಯಬಾರದು. ಗೋಡೆಯ ದಪ್ಪವೂ ಸೇರಿ 7ರ ಟ್ಯೂಬಿನ ಹೊರ ಅಗಲ ಸುಮಾರು 9.5 ಮಿ.ಮೀ. ಆಗುತ್ತದೆ, 8ರದು 11ರ ಹತ್ತಿರ ಹೋಗುತ್ತದೆ. ಕಂಪನಿಯಿಂದ ಕಂಪನಿಗೆ ಸ್ವಲ್ಪ ವ್ಯತ್ಯಾಸವೂ ಇರುತ್ತದೆ.

ನೋಡಬೇಕೆನಿಸಿದರೆ ಪೂರ್ವತಪಾಸಣೆಯ ದಿನ ಕೇಳಿ, ಕೆಲವು ವೈದ್ಯರು ತೋರಿಸುತ್ತಾರೆ. ಪಾರದರ್ಶಕವಾದ, ಬಾಗಿದ ಟ್ಯೂಬ್. ಎಕ್ಸ್‌ರೇಯಲ್ಲಿ ಕಾಣಲೆಂದು ಉದ್ದಕ್ಕೂ ಒಂದು ನೀಲಿ ಗೆರೆ. ಪಕ್ಕದಲ್ಲಿ ಸೆಂಟಿಮೀಟರಿನ ಗುರುತುಗಳು. ಹೆಂಗಸರಿಗೆ ತುಟಿಯ ಬಳಿ ಸುಮಾರು 21, ಗಂಡಸರಿಗೆ 23 ಬರುವಂತೆ ಇರಿಸಿ ಟೇಪು ಅಂಟಿಸುತ್ತೇವೆ. ತುದಿಯನ್ನು ಓರೆಯಾಗಿ ಕತ್ತರಿಸಿರುತ್ತಾರೆ, ಅದರ ಪಕ್ಕ ಒಂದು ಸಣ್ಣ ಕಿಂಡಿ. ತುದಿ ಅಕಸ್ಮಾತ್ ಮುಚ್ಚಿಕೊಂಡರೂ ಗಾಳಿ ಹೋಗಲು ಆ ಕಿಂಡಿ. ತುದಿಗಿಂತ ತುಸು ಮೇಲೆ, ಟ್ಯೂಬಿನ ಸುತ್ತ ತೆಳುವಾದ ಬಲೂನು. ಅದಕ್ಕೆ ಗಾಳಿ ತುಂಬುವ ಸಣ್ಣ ನಳಿಕೆ ಬಾಯಿಯ ಹೊರಗೆ ಬಂದು, ಅದರ ಕೊನೆಯಲ್ಲಿ ಬೆರಳ ತುದಿಯಷ್ಟು ಗಾತ್ರದ ಇನ್ನೊಂದು ಬಲೂನು ನೇತಾಡುತ್ತಿರುತ್ತದೆ. ಒಳಗಿನ ಬಲೂನು ಎಷ್ಟು ಉಬ್ಬಿದೆ ಎಂಬುದನ್ನು ತಿಳಿಸುವುದು ಈ ಹೊರಗಿನದು.

ಟ್ಯೂಬ್ ದೊಡ್ಡದಾದಷ್ಟೂ ನೋವು ಹೆಚ್ಚೇ?

ಹೌದು. ಇದನ್ನು ಸುತ್ತಿ ಬಳಸಿ ಹೇಳಬೇಕಾಗಿಲ್ಲ. ದೊಡ್ಡ ಟ್ಯೂಬಿಗೂ ಗಂಟಲು ನೋವಿಗೂ ಇರುವ ನಂಟನ್ನು 1980ರ ದಶಕದಿಂದಲೇ ಅಧ್ಯಯನಗಳು ತೋರಿಸುತ್ತ ಬಂದಿವೆ. 2010ರಲ್ಲಿ ಸ್ವೀಡನ್ನಿನ ಒಂದು ಅಧ್ಯಯನದಲ್ಲಿ ಹೆಂಗಸರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಕೆಲವರಿಗೆ 6ರದು, ಉಳಿದವರಿಗೆ 7ರದು ಹಾಕಿದರು. ಎಚ್ಚರವಾದ ಮೇಲೆ ರಿಕವರಿ ಕೋಣೆಯಲ್ಲಿ 6ರ ಗುಂಪಿನವರಿಗೆ ಗಂಟಲು ನೋವು ಕಡಿಮೆ ಇತ್ತು.

ಕಾರಣ ಶರೀರದ ರಚನೆಯಲ್ಲೇ ಇದೆ. ಧ್ವನಿಪೆಟ್ಟಿಗೆಯ ಬಾಗಿಲು ದುಂಡಗಿಲ್ಲ, ತ್ರಿಕೋನಾಕಾರ. ನೀವು ಮಲಗಿದ್ದಾಗ ಬಾಗಿದ ಟ್ಯೂಬ್ ಆ ತ್ರಿಕೋನದ ಹಿಂಬದಿಯ ಗೋಡೆಗೆ ಒರಗಿ ನಿಲ್ಲುತ್ತದೆ. ಧ್ವನಿತಂತುಗಳನ್ನು ತಿರುಗಿಸುವ ಪುಟ್ಟ ಮೃದ್ವಸ್ಥಿಗಳು ಇರುವುದೂ ಅಲ್ಲೇ. ದಪ್ಪ ಟ್ಯೂಬ್ ಹೆಚ್ಚು ಬಿಗಿ, ಬಗ್ಗುವುದು ಕಡಿಮೆ, ಒತ್ತುವುದು ಹೆಚ್ಚು. ಹೆಂಗಸರ ಧ್ವನಿಪೆಟ್ಟಿಗೆ ಚಿಕ್ಕದು. ಆದರೂ ದಶಕಗಳ ಕಾಲ ಹೆಂಗಸರಿಗೆ 7 ಅಥವಾ 7.5, ಗಂಡಸರಿಗೆ 8 ಅಥವಾ 8.5 ಎಂಬ ರೂಢಿ ನಡೆದು ಬಂತು. ಐದಡಿ ಎತ್ತರವೂ ಇಲ್ಲದ, ನಲವತ್ತೈದು ಕಿಲೋ ತೂಗುವ ನಮ್ಮ ಊರಿನ ಅಜ್ಜಿಗೂ ಅದೇ ಅಳತೆ. ಇದು ನನಗೆ ಎಂದೂ ಒಪ್ಪಿಗೆಯಾಗಿಲ್ಲ. ಒಬ್ಬೊಬ್ಬರ ಗಂಟಲನ್ನು ನೋಡಿ ಅಳತೆ ಆರಿಸಬೇಕು. 'ಹೆಂಗಸು' ಎಂದು ಪಟ್ಟಿ ನೋಡಿ ಆರಿಸಿದರೆ ಸಾಲದು. ಈಗೀಗ ಸಾಮಾನ್ಯ ಆಪರೇಶನ್‌ಗಳಿಗೆ ಹೆಂಗಸರಿಗೆ 6 ಅಥವಾ 6.5, ಗಂಡಸರಿಗೆ 7 ಅಥವಾ 7.5 ಸಾಕು ಎನ್ನುವ ಅರಿವಳಿಕೆ ತಜ್ಞರು ಹೆಚ್ಚುತ್ತಿದ್ದಾರೆ. ನಾನೂ ಅವರ ಪೈಕಿ.

ಚಿಕ್ಕ ಟ್ಯೂಬಿನಿಂದ ಇನ್ನೊಂದು ಅನುಕೂಲವಿದೆ. ಒಳಗೆ ಇಳಿಸುವಾಗ ಅದು ನಮ್ಮ ದೃಷ್ಟಿಗೆ ಅಡ್ಡ ಬರುವುದಿಲ್ಲ, ಧ್ವನಿತಂತುಗಳು ಕೊನೆಯವರೆಗೂ ಕಾಣುತ್ತಿರುತ್ತವೆ. ಮೊದಲ ಪ್ರಯತ್ನದಲ್ಲೇ ನವಿರಾಗಿ ಹೋದರೆ ಅರ್ಧ ನೋವು ಅಲ್ಲಿಯೇ ತಪ್ಪಿತು ಎಂದು ತಿಳಿಯಿರಿ.

ಚಿಕ್ಕ ಟ್ಯೂಬ್ ಹಾಕಿದರೆ ಉಸಿರು ಸಾಲದೆ ಹೋಗುವುದಿಲ್ಲವೇ?

ಸಹಜವಾದ ಭಯ. ಇದರಲ್ಲಿ ನಿಜವೂ ಇದೆ. ಕೊಳವೆಯ ಅಗಲ ಕಡಿಮೆಯಾದರೆ ಗಾಳಿಗೆ ಎದುರಾಗುವ ತಡೆ ಬಹಳ ವೇಗವಾಗಿ ಏರುತ್ತದೆ, ತ್ರಿಜ್ಯದ ನಾಲ್ಕನೇ ಘಾತದ ಲೆಕ್ಕದಲ್ಲಿ. 8ರ ಬದಲು 6 ಹಾಕಿದರೆ ತಡೆ ಮೂರು ಪಟ್ಟು ದಾಟುತ್ತದೆ. ಆದರೆ ಆಪರೇಶನ್ ಹೊತ್ತಿನಲ್ಲಿ ಆ ತಡೆಯ ವಿರುದ್ಧ ಗಾಳಿ ನೂಕುವುದು ಯಂತ್ರ, ನಿಮ್ಮ ಎದೆಯ ಸ್ನಾಯುಗಳಲ್ಲ. ಸಾಮಾನ್ಯ ಶ್ವಾಸಕೋಶ ಇರುವವರಿಗೆ ಒಂದು ಉಸಿರಿಗೆ ಬೇಕಾಗುವ ಗಾಳಿ, ಕಿಲೋ ತೂಕಕ್ಕೆ 6ರಿಂದ 8 ಮಿಲಿಲೀಟರ್, 6ರ ಟ್ಯೂಬಿನಲ್ಲಿ ತೊಂದರೆಯಿಲ್ಲದೆ ಹೋಗಿ ಬರುತ್ತದೆ. ಯಂತ್ರದ ಪರದೆಯ ಮೇಲೆ ಒತ್ತಡದ ಅಂಕಿ ಸ್ವಲ್ಪ ಹೆಚ್ಚು ತೋರಿಸಬಹುದು. ಆ ಹೆಚ್ಚಳ ಟ್ಯೂಬಿನೊಳಗಿನದು, ಶ್ವಾಸಕೋಶದ ಮೇಲೆ ಅಷ್ಟೂ ಬೀಳುವುದಿಲ್ಲ.

ಹಾಗಾದರೆ ಎಲ್ಲರಿಗೂ ಚಿಕ್ಕದನ್ನೇ ಏಕೆ ಹಾಕುವುದಿಲ್ಲ?

ಆಪರೇಶನ್ ಮುಗಿದ ಮೇಲೂ ದಿನಗಟ್ಟಲೆ ಐಸಿಯುನಲ್ಲಿ ಯಂತ್ರದ ನೆರವು ಬೇಕಾಗುವವರಿಗೆ ದೊಡ್ಡ ಟ್ಯೂಬ್ ಒಳ್ಳೆಯದು. ಅವರು ಕ್ರಮೇಣ ಟ್ಯೂಬಿನ ಮೂಲಕವೇ ಸ್ವಂತವಾಗಿ ಉಸಿರಾಡಬೇಕು, ಆಗ ತಡೆ ಅವರ ಎದೆಯ ಮೇಲೇ ಬೀಳುತ್ತದೆ. ಗಟ್ಟಿ ಕಫ ಚಿಕ್ಕ ಟ್ಯೂಬನ್ನು ಬೇಗ ಕಟ್ಟಿಬಿಡುತ್ತದೆ. ಶ್ವಾಸನಾಳದೊಳಗೆ ಕ್ಯಾಮೆರಾ ಹಾಕಿ ನೋಡಬೇಕಾದರೂ ಜಾಗ ಬೇಕು. ತೀವ್ರ ದಮ್ಮು ಇರುವವರ ವಿಷಯದಲ್ಲೂ ವೈದ್ಯರು ಎರಡು ಸಲ ಯೋಚಿಸುತ್ತಾರೆ. ಒಂದು ಶ್ವಾಸಕೋಶವನ್ನು ಮಾತ್ರ ಉಸಿರಾಡಿಸಬೇಕಾದ ಎದೆಯ ಶಸ್ತ್ರಚಿಕಿತ್ಸೆಗಳಿಗೆ ಎರಡು ಕೊಳವೆ ಜೋಡಿಸಿದ ದಪ್ಪ ಟ್ಯೂಬೇ ಬೇಕಾಗುತ್ತದೆ. ಆ ರೋಗಿಗಳಿಗೆ ಗಂಟಲು ನೋವು ಹೆಚ್ಚು ಎಂದು ನಾವು ಮೊದಲೇ ಹೇಳಿಬಿಡುತ್ತೇವೆ.

'ನನಗೆ ಆರನೇ ನಂಬರಿನದೇ ಹಾಕಿ' ಎಂದು ಕೇಳಬಹುದೇ?

ನಂಬರು ಹಿಡಿದು ಹಟ ಮಾಡಬೇಡಿ, ವಿಷಯ ಹೇಳಿ. 'ಹಿಂದಿನ ಬಾರಿ ಐದು ದಿನ ಗಂಟಲು ನೋವಿತ್ತು, ಧ್ವನಿ ಒಡೆದಿತ್ತು, ಚಿಕ್ಕ ಅಳತೆ ನನಗೆ ಆಗಬಹುದೇ?' ಎಂದು ಕೇಳಿ. ಇಂಥ ಪ್ರಶ್ನೆಯನ್ನು ಯಾವ ಒಳ್ಳೆಯ ಅರಿವಳಿಕೆ ತಜ್ಞರೂ ತಳ್ಳಿಹಾಕುವುದಿಲ್ಲ. ಕೊನೆಯ ತೀರ್ಮಾನ ಅವರದೇ ಇರಲಿ. ನಿಮ್ಮ ಗಂಟಲಿನ ಒಳಗನ್ನು ಆ ಹೊತ್ತಿನಲ್ಲಿ ಕಣ್ಣಾರೆ ನೋಡುವವರು ಅವರೊಬ್ಬರೇ.

ಬಲೂನಿನ ಗಾಳಿಗೂ ನೋವಿಗೂ ಏನು ಸಂಬಂಧ?

ಅಳತೆಯಷ್ಟೇ ಗಟ್ಟಿ ಸಂಬಂಧ. ನನ್ನನ್ನು ಕೇಳಿದರೆ ನಮ್ಮ ಆಸ್ಪತ್ರೆಗಳಲ್ಲಿ ಇದಕ್ಕೆ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲ.

ಬಲೂನು ಶ್ವಾಸನಾಳದ ಗೋಡೆಗೆ ಅಂಟಿಕೊಂಡು ಗಾಳಿ ಸೋರದಂತೆ, ಜೊಲ್ಲು ಇಳಿಯದಂತೆ ತಡೆಯುತ್ತದೆ. ಅದರ ಒತ್ತಡ, ನೀರಿನ ಕಂಬದ ಎತ್ತರದ ಲೆಕ್ಕದಲ್ಲಿ, 20ರಿಂದ 30 ಸೆಂಟಿಮೀಟರ್ ಇರಬೇಕು. ಕಡಿಮೆಯಾದರೆ ಸೋರುತ್ತದೆ. ಹೆಚ್ಚಾದರೆ ಗೋಡೆಯ ಒಳಪೊರೆಗೆ ರಕ್ತ ಹರಿಯುವುದು ಕುಂದುತ್ತದೆ. 30 ದಾಟಿದರೆ ರಕ್ತಸಂಚಾರಕ್ಕೆ ಅಡ್ಡಿ, 50ಕ್ಕೆ ಮುಟ್ಟಿದರೆ ಅದು ನಿಂತೇ ಹೋಗಬಹುದು ಎಂದು 1984ರಲ್ಲಿ ಪ್ರಕಟವಾದ ಒಂದು ಅಧ್ಯಯನ ಶ್ವಾಸನಾಳದೊಳಗಿನ ಚಿತ್ರಗಳನ್ನೇ ತೆಗೆದು ತೋರಿಸಿತು. ಹಲವು ಗಂಟೆ ಒತ್ತಿದ ಜಾಗದಲ್ಲಿ ಪೊರೆ ಸುಲಿದು, ಕೆಂಪಾಗಿ, ಉರಿಯುತ್ತದೆ.

ಸಮಸ್ಯೆ ಇರುವುದು ಅಳೆಯುವಲ್ಲಿ. ಹೊರಗೆ ನೇತಾಡುವ ಪುಟ್ಟ ಬಲೂನನ್ನು ಬೆರಳುಗಳ ನಡುವೆ ಹಿಚುಕಿ ನೋಡಿ 'ಸರಿಯಾಗಿದೆ' ಎಂದುಬಿಡುವ ಅಭ್ಯಾಸ ಹಲವೆಡೆ ಇದೆ. ಬೆರಳು ಒತ್ತಡವನ್ನು ಅಳೆಯಲಾರದು. ಎಷ್ಟೇ ಅನುಭವಿಗಳಾದರೂ ಈ ಅಂದಾಜು ತಪ್ಪುತ್ತದೆ, ಸಾಮಾನ್ಯವಾಗಿ ಹೆಚ್ಚಿನ ಕಡೆಗೇ ತಪ್ಪುತ್ತದೆ. ಇದಕ್ಕೆಂದೇ ಅಂಗೈಯಲ್ಲಿ ಹಿಡಿಯುವ ಒತ್ತಡ ಮಾಪಕ ಇದೆ. ಮುಳ್ಳು ಹಸಿರು ಪಟ್ಟೆಯಲ್ಲಿ ನಿಂತರೆ ಸರಿ, ಅದನ್ನು ದಾಟಿದರೆ ಒಂದಿಷ್ಟು ಗಾಳಿ ಬಿಡಬೇಕು. ಅರ್ಧ ನಿಮಿಷದ ಕೆಲಸ. ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಅರಿವಳಿಕೆಗೆ ಬಳಸಿದರೆ ಅದು ಬಲೂನಿನ ತೆಳು ಗೋಡೆಯ ಮೂಲಕ ಒಳನುಸುಳಿ ಒತ್ತಡವನ್ನು ಏರಿಸುತ್ತ ಹೋಗುತ್ತದೆ. ಆದ್ದರಿಂದ ಒಮ್ಮೆ ಅಳೆದರೆ ಸಾಲದು, ಉದ್ದದ ಆಪರೇಶನ್‌ಗಳಲ್ಲಿ ನಡುನಡುವೆ ನೋಡುತ್ತಿರಬೇಕು. ಮಾಪಕವಿಲ್ಲದ ಆಪರೇಶನ್ ಥಿಯೇಟರ್ ಇರಬಾರದು ಎಂದು ನಾನು ಸಿಕ್ಕ ಸಿಕ್ಕಲ್ಲಿ ಹೇಳುತ್ತೇನೆ.

ಟ್ಯೂಬ್ ಇಲ್ಲದೆ ಆಗುವುದೇ ಇಲ್ಲವೇ?

ಎಷ್ಟೋ ಆಪರೇಶನ್‌ಗಳಿಗೆ ಆಗುತ್ತದೆ. ಮೊಣಕಾಲಿನ ಕೀಲು, ಹರ್ನಿಯಾ, ಹೆಚ್ಚಿನ ಸಿಸೇರಿಯನ್‌ಗಳು ಬೆನ್ನಿಗೆ ಕೊಡುವ ಸೂಜಿಯಲ್ಲೇ ಮುಗಿಯುತ್ತವೆ. ಗಂಟಲಿನ ಗೊಡವೆಯೇ ಇಲ್ಲ. ಪೂರ್ತಿ ನಿದ್ದೆ ಬೇಕಾದರೂ ಸಣ್ಣ ಆಪರೇಶನ್‌ಗಳಿಗೆ ಲ್ಯಾರಿಂಜಿಯಲ್ ಮಾಸ್ಕ್ ಎಂಬ ಸಾಧನ ಇದೆ. ಬ್ರಿಟನ್ನಿನ ವೈದ್ಯ ಆರ್ಚಿ ಬ್ರೇನ್ 1981ರಲ್ಲಿ ರೂಪಿಸಿದ್ದು. ಇದು ಧ್ವನಿತಂತುಗಳ ನಡುವೆ ಇಳಿಯದೆ ಧ್ವನಿಪೆಟ್ಟಿಗೆಯ ಮೇಲೆಯೇ ಕೂರುತ್ತದೆ. ಟ್ಯೂಬಿಗೆ ಹೋಲಿಸಿದರೆ ಗಂಟಲು ನೋವೂ ಧ್ವನಿ ಒಡೆಯುವುದೂ ಕಡಿಮೆ, ಪೂರ್ತಿ ಇಲ್ಲವೆಂದಲ್ಲ. ಹೊಟ್ಟೆ ತುಂಬಿರುವವರಿಗೆ, ಆಮ್ಲ ಮೇಲೆ ಬರುವ ತೊಂದರೆ ಜೋರಾಗಿರುವವರಿಗೆ ಇದು ಸುರಕ್ಷಿತವಲ್ಲ. ಅಂಥವರಿಗೆ ಎರಡು ದಿನದ ಗಂಟಲು ನೋವನ್ನು ಒಪ್ಪಿಕೊಂಡು ಟ್ಯೂಬನ್ನೇ ಹಾಕಿಸಿಕೊಳ್ಳಿ ಎನ್ನುತ್ತೇನೆ.

ಕೋವಿಡ್ ಕಾಲದಲ್ಲಿ ಟ್ಯೂಬ್ ಹಾಕಿದವರು ಮರಳಲಿಲ್ಲ ಎಂದು ಕೇಳಿದ್ದೇವೆ. ಅಪ್ಪನ ಆಪರೇಶನ್‌ಗೂ ಟ್ಯೂಬ್ ಎನ್ನುತ್ತಿದ್ದಾರೆ. ಭಯವಾಗುತ್ತಿದೆ.

ಆ ದಿನಗಳನ್ನು ಈ ನಗರದಲ್ಲಿ ಕಂಡ ಯಾರಿಗೂ ಈ ಭಯ ಅತಿ ಎನಿಸದು. ಆಗ ಟ್ಯೂಬ್ ಹಾಕಿದ್ದು ಶ್ವಾಸಕೋಶ ಸೋತವರಿಗೆ, ಜೀವ ಉಳಿಸುವ ಕೊನೆಯ ಪ್ರಯತ್ನವಾಗಿ. ಅಪ್ಪನ ಶ್ವಾಸಕೋಶ ಚೆನ್ನಾಗಿದೆ. ಔಷಧ ಕೊಟ್ಟು ಉಸಿರಾಟ ನಿಲ್ಲಿಸುವುದು ನಾವೇ, ಆಪರೇಶನ್ ಮುಗಿದ ಮೇಲೆ ಮರಳಿಸುವುದೂ ನಾವೇ. ಅವರು ಕಣ್ಣು ಬಿಟ್ಟು, ಹೇಳಿದ ಮಾತು ಕೇಳಿ, ತಾವಾಗಿ ಉಸಿರಾಡತೊಡಗಿದ ಮೇಲೆ ಟ್ಯೂಬ್ ತೆಗೆಯುತ್ತೇವೆ. ರೋಗಿಯ ಪಕ್ಕದಿಂದ ಅರಿವಳಿಕೆ ತಜ್ಞರು ಅಲ್ಲಿಯವರೆಗೆ ಕದಲುವುದಿಲ್ಲ.

ನಾನು ಯಕ್ಷಗಾನದಲ್ಲಿ ಭಾಗವತಿಕೆ ಮಾಡುತ್ತೇನೆ. ಧ್ವನಿ ಹೋದರೆ ಏನು ಗತಿ?

ಭಾಗವತರು, ಭಜನಾ ಮಂಡಳಿಯಲ್ಲಿ ಹಾಡುವವರು, ಶಾಲೆಯಲ್ಲಿ ಪಾಠ ಮಾಡುವವರು, ಕಾಲ್ ಸೆಂಟರಿನವರು, ಹೋಟೆಲಿನ ಗಲ್ಲಾದಲ್ಲಿ ಕುಳಿತು ದಿನವಿಡೀ ಕೂಗಿ ಲೆಕ್ಕ ಹೇಳುವವರು, ಇವರೆಲ್ಲ ಪೂರ್ವತಪಾಸಣೆಯಲ್ಲಿ ಮೊದಲು ಹೇಳಬೇಕಾದ ಮಾತು ಇದು. ರಕ್ತದೊತ್ತಡ, ಸಕ್ಕರೆಯ ಬಗ್ಗೆ ನಾವು ಕೇಳಿಯೇ ಕೇಳುತ್ತೇವೆ; ನಿಮ್ಮ ಜೀವನ ಧ್ವನಿಯ ಮೇಲೆ ನಿಂತಿದೆ ಎಂಬುದು ನಮಗೆ ತಾನಾಗಿ ತಿಳಿಯುವುದಿಲ್ಲ. 'ಕೆಲಸ ಏನು' ಎಂದರೆ ಭಾಗವತರು 'ಬ್ಯಾಂಕಿನಲ್ಲಿದ್ದೇನೆ' ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ರಾತ್ರಿಯಿಡೀ ಏರುಶ್ರುತಿಯಲ್ಲಿ ಹಾಡುವ ವಿಷಯ ಚೀಟಿಯಲ್ಲಿ ಬರುವುದೇ ಇಲ್ಲ.

ತಿಳಿದರೆ ನಾವು ಮಾಡಬಹುದಾದದ್ದು ಬಹಳ ಇದೆ: ಸಾಧ್ಯವಿದ್ದರೆ ಬೆನ್ನಿನ ಸೂಜಿ ಅಥವಾ ಮಾಸ್ಕ್, ಇಲ್ಲದಿದ್ದರೆ ಆಗುವಷ್ಟು ಚಿಕ್ಕ ಟ್ಯೂಬ್, ಸ್ನಾಯುಗಳು ಪೂರ್ತಿ ಸಡಿಲವಾದ ಮೇಲೆಯೇ ಇಳಿಸುವುದು, ಅನುಭವಿ ಕೈಯೇ ಅದನ್ನು ಮಾಡುವುದು, ಧ್ವನಿತಂತುಗಳನ್ನು ಪರದೆಯ ಮೇಲೆ ತೋರಿಸುವ ವಿಡಿಯೋ ಲ್ಯಾರಿಂಗೋಸ್ಕೋಪ್ ಬಳಸುವುದು, ಎಚ್ಚರಿಸುವಾಗ ಕೆಮ್ಮು ಬಾರದಂತೆ ನೋಡಿಕೊಳ್ಳುವುದು. ಆಪರೇಶನ್ ಆದ ಮೇಲೆ ನೋವು ನಿಂತ ಮಾತ್ರಕ್ಕೆ ರಂಗಸ್ಥಳ ಏರಬೇಡಿ. ಮಾತಾಡುವ ಧ್ವನಿ ಮೊದಲಿನಂತಾದ ಮೇಲೆ ಕೆಳಶ್ರುತಿಯಲ್ಲಿ ಮನೆಯಲ್ಲೇ ಹಾಡಿ ನೋಡಿ, ಆಯಾಸವಿಲ್ಲದೆ ಬಂದರೆ ಮುಂದುವರಿಸಿ. ನವರಾತ್ರಿಯಲ್ಲೋ ಗಣಪತಿ ಹಬ್ಬದಲ್ಲೋ ಕಾರ್ಯಕ್ರಮ ಒಪ್ಪಿಕೊಂಡಿದ್ದರೆ, ತುರ್ತಲ್ಲದ ಆಪರೇಶನ್‌ನ ದಿನವನ್ನು ಅದಕ್ಕೆ ತಕ್ಕಂತೆ ಗೊತ್ತು ಮಾಡಿಕೊಳ್ಳಿ. ಸರ್ಜನ್ ಬಳಿ ಇದನ್ನು ಹೇಳಲು ನಾಚಿಕೆ ಬೇಡ.

ಮಕ್ಕಳಿಗೆ ಅಳತೆ ಹೇಗೆ ಗೊತ್ತುಮಾಡುತ್ತೀರಿ?

ವಯಸ್ಸಿನಿಂದ ಒಂದು ಅಂದಾಜು ಸಿಗುತ್ತದೆ. ಬಲೂನು ಇರುವ ಟ್ಯೂಬಾದರೆ ವಯಸ್ಸನ್ನು ನಾಲ್ಕರಿಂದ ಭಾಗಿಸಿ ಮೂರೂವರೆ ಸೇರಿಸುತ್ತೇವೆ. ನಾಲ್ಕು ವರ್ಷದ ಮಗುವಿಗೆ 4.5. ಹಾಕಿದ ಮೇಲೆ ಸುತ್ತ ತುಸು ಗಾಳಿ ಸೋರುತ್ತದೆಯೇ ಎಂದು ಪರೀಕ್ಷಿಸಿ, ಬಿಗಿಯೆನಿಸಿದರೆ ಬದಲಿಸುತ್ತೇವೆ. ಮಕ್ಕಳ ಶ್ವಾಸನಾಳ ಬಹಳ ಕಿರಿದು, ಒಂದು ಮಿಲಿಮೀಟರ್ ಊತವೂ ಅಲ್ಲಿ ದೊಡ್ಡದು. ಮನೆಗೆ ಬಂದ ಮೇಲೆ ಮಗು ನಾಯಿ ಬೊಗಳಿದಂತೆ ಕೆಮ್ಮಿದರೆ, ಉಸಿರೆಳೆಯುವಾಗ ಸದ್ದು ಬಂದರೆ, ಪಕ್ಕೆಲುಬಿನ ಕೆಳಗೆ ಒಳಕ್ಕೆ ಎಳೆದುಕೊಂಡಂತೆ ಕಂಡರೆ ಬೆಳಗಾಗಲಿ ಎಂದು ಕಾಯದೆ ಕೂಡಲೇ ಆಸ್ಪತ್ರೆಗೆ ಕರೆತನ್ನಿ.

ನೋವು ಬಾರದಂತೆ ಮೊದಲೇ ಔಷಧ ಕೊಡಲು ಆಗುವುದಿಲ್ಲವೇ?

ಕೆಲವು ಇವೆ. ಡೆಕ್ಸಾಮೆಥಾಸೋನ್ ಸೂಜಿಮದ್ದನ್ನು ವಾಂತಿ ತಡೆಯಲೆಂದು ನಾವು ಹೇಗೂ ಕೊಡುತ್ತಿರುತ್ತೇವೆ, ಅದು ಗಂಟಲು ನೋವನ್ನೂ ತಗ್ಗಿಸುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಅದರಿಂದ ಸಕ್ಕರೆ ಏರಬಹುದಾದ್ದರಿಂದ ನೋಡಿ ಕೊಡಬೇಕು. ಬೆನ್ಜಿಡಮಿನ್ ದ್ರಾವಣದಿಂದ ಬಾಯಿ ಮುಕ್ಕಳಿಸುವುದು, ಕೆಟಮೀನ್ ಅಥವಾ ಮೆಗ್ನೀಸಿಯಂ ಬೆರೆಸಿದ ನೀರಿನಿಂದ ಮುಕ್ಕಳಿಸುವುದು, ಇವುಗಳ ಮೇಲೂ ಅಧ್ಯಯನಗಳಾಗಿವೆ. ಟ್ಯೂಬಿಗೆ ಮರಗಟ್ಟಿಸುವ ಜೆಲ್ ಹಚ್ಚಿದರೆ ನೋವೇ ಬರುವುದಿಲ್ಲ ಎಂಬ ನಂಬಿಕೆ ಮಾತ್ರ ನಿಲ್ಲುವಂಥದ್ದಲ್ಲ.

ಜ್ಯೇಷ್ಠಮಧುವಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು, ಏಕೆಂದರೆ ಮುಂಬಯಿಯ ಕನ್ನಡಿಗರ ಮನೆಯಲ್ಲಿ ಅದು ಇದ್ದೇ ಇರುತ್ತದೆ. ಮರಾಠಿ ನೆರೆಯವರೂ ಗಂಟಲು ಕಟ್ಟಿದರೆ ಅದರ ಕಡ್ಡಿಯನ್ನೇ ಕೊಡುತ್ತಾರೆ. ಅರಿವಳಿಕೆಗೆ ಮುಂಚೆ ಜ್ಯೇಷ್ಠಮಧುವಿನ ನೀರಿನಿಂದ ಮುಕ್ಕಳಿಸಿದವರಿಗೆ ಗಂಟಲು ನೋವು ಕಡಿಮೆಯಾಯಿತು ಎಂದು ಲಖನೌದ ವೈದ್ಯರು 2009ರಲ್ಲಿ ಪ್ರಕಟಿಸಿದರು. ಆಮೇಲೆ ವಿಯೆನ್ನಾದಲ್ಲಿ ನಡೆದ ಅಧ್ಯಯನವೂ ಅದನ್ನೇ ಹೇಳಿತು. ನನಗೆ ಸಂತೋಷ ಕೊಟ್ಟ ಸಂಗತಿ ಇದು. ಆದರೆ ಆಪರೇಶನ್ ದಿನ ಬೆಳಿಗ್ಗೆ ನೀವೇ ಕಷಾಯ ಮಾಡಿಕೊಂಡು ಕುಡಿದು ಬರಬೇಡಿ. ಹೊಟ್ಟೆ ಖಾಲಿ ಇರಬೇಕಾದ ನಿಯಮ ಗಂಟಲು ನೋವಿಗಿಂತ ದೊಡ್ಡದು: ಗಟ್ಟಿ ಆಹಾರ ಕನಿಷ್ಠ ಆರು ಗಂಟೆ, ತಿಳಿನೀರು ಎರಡು ಗಂಟೆ ಮುಂಚೆ ನಿಲ್ಲಬೇಕು, ನಿಮ್ಮ ವೈದ್ಯರು ಇನ್ನೂ ಹೆಚ್ಚು ಹೇಳಿದ್ದರೆ ಅದೇ ಸರಿ. ಜ್ಯೇಷ್ಠಮಧುವನ್ನು ಹೆಚ್ಚು ದಿನ ಹೆಚ್ಚು ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ ಎಂಬುದೂ ನೆನಪಿರಲಿ.

ನಿಮ್ಮ ಕೈಯಲ್ಲಿರುವ ಒಂದು ಕೆಲಸ ಸಿಗರೇಟು ಬಿಡುವುದು. ಆದಷ್ಟು ವಾರಗಳ ಮುಂಚೆಯೇ ಬಿಡಿ.

ಮನೆಗೆ ಬಂದ ಮೇಲೆ ಏನು ಮಾಡಬೇಕು?

ಕುಡಿಯಲು ಅನುಮತಿ ಸಿಕ್ಕ ಮೇಲೆ ಗುಟುಕು ಗುಟುಕಾಗಿ ನೀರು ಕುಡಿಯುತ್ತಿರಿ. ಉಗುರು ಬೆಚ್ಚಗಿನ ಉಪ್ಪುನೀರಿನಿಂದ ದಿನಕ್ಕೆ ಕೆಲವು ಬಾರಿ ಗಂಟಲು ತೊಳೆಯಿರಿ. ಆಪರೇಶನ್ ನೋವಿಗೆ ಕೊಟ್ಟ ಪ್ಯಾರಾಸಿಟಮಾಲ್ ಗಂಟಲಿಗೂ ಕೆಲಸ ಮಾಡುತ್ತದೆ, ಬೇರೆ ಮಾತ್ರೆ ಸೇರಿಸಬೇಡಿ. ಸರ್ಜನ್ ಹೇಳಿದ ಪಥ್ಯದೊಳಗೆ ಗಂಜಿ, ಮೊಸರನ್ನ, ರಾಗಿ ಅಂಬಲಿಯಂಥ ಮೆತ್ತನೆಯದು ಒಳ್ಳೆಯದು. ಚಕ್ಕುಲಿ, ಹಪ್ಪಳ, ಒಣಚಟ್ನಿ ಸವರಿದ ವಡಾಪಾವ್ ನಾಲ್ಕು ದಿನ ಕಾಯಲಿ. ಕಾಳುಮೆಣಸಿನ ಖಾರದ ಕಷಾಯ ಶೀತಕ್ಕೆ ಸರಿ, ತರಚಿದ ಗಂಟಲಿಗೆ ಉರಿ ಹೆಚ್ಚಿಸುತ್ತದೆ.

ಮಾತು ಕಡಿಮೆ ಮಾಡಿ. ಇದೇ ಅತಿ ಕಷ್ಟದ್ದು ಎಂದು ನನಗೆ ಗೊತ್ತು. ಊರಿನಿಂದ ಫೋನಿನ ಮೇಲೆ ಫೋನು ಬರುತ್ತದೆ, ಕಟ್ಟಡದ ನಾಲ್ಕೂ ಮಹಡಿಯವರು ನೋಡಲು ಬರುತ್ತಾರೆ, ಎಲ್ಲರಿಗೂ ಮೊದಲಿನಿಂದ ಕಥೆ ಹೇಳಬೇಕು. ಆ ಕಥೆಯನ್ನು ಮನೆಯ ಇನ್ನೊಬ್ಬರು ಹೇಳಲಿ. ಒತ್ತಿ ಒತ್ತಿ ಪಿಸುಗುಟ್ಟುವುದೂ ಬೇಡ, ಅದು ಧ್ವನಿತಂತುಗಳನ್ನು ದಣಿಸುತ್ತದೆ. ಅದೇ ದಿನ ಬಿಡುಗಡೆಯಾಗಿ ಮನೆಗೆ ಹೊರಟರೆ ಲೋಕಲ್ ರೈಲಿನ ಗದ್ದಲದಲ್ಲಿ ಕೂಗಿ ಮಾತಾಡುವ ಪ್ರಸಂಗ ತಂದುಕೊಳ್ಳದೆ ಟ್ಯಾಕ್ಸಿ ಹಿಡಿಯಿರಿ. ಹೇಗೂ ಅರಿವಳಿಕೆಯ ನಂತರ ಒಬ್ಬರೇ ಪ್ರಯಾಣ ಮಾಡುವಂತಿಲ್ಲ.

ಯಾವಾಗ ಹೆದರಬೇಕು?

ಉಸಿರಾಡಲು ಕಷ್ಟ, ಉಸಿರಿನ ಜೊತೆ ಶಿಳ್ಳೆಯಂಥ ಸದ್ದು, ಜೊಲ್ಲನ್ನೂ ನುಂಗಲಾಗದ ಸ್ಥಿತಿ, ಕುತ್ತಿಗೆ ಊದಿಕೊಂಡು ಒತ್ತಿದರೆ ಚರಚರ ಎನ್ನುವುದು, ಜ್ವರದ ಜೊತೆ ಕುತ್ತಿಗೆ ಅಥವಾ ಎದೆಯ ನೋವು, ತಾಜಾ ರಕ್ತ ಉಗುಳುವುದು: ಇವುಗಳಲ್ಲಿ ಯಾವುದೊಂದು ಕಂಡರೂ ತುರ್ತು ವಿಭಾಗಕ್ಕೆ ಹೋಗಿ. ಇಂಥವು ಅಪರೂಪ, ಆದರೆ ತಡ ಮಾಡಿದರೆ ಅಪಾಯ. ಮೊದಲ ದಿನ ಜೊಲ್ಲಿನಲ್ಲಿ ರಕ್ತದ ಒಂದು ಎಳೆ ಕಂಡರೆ ಗಾಬರಿ ಬೇಡ.

ನೋವು ಒಂದು ವಾರ ಕಳೆದರೂ ಇಳಿಯದಿದ್ದರೆ, ಧ್ವನಿ ಒಡೆದೇ ಇದ್ದರೆ, ನೀರು ಕುಡಿದಾಗೆಲ್ಲ ಕೆಮ್ಮು ಬಂದರೆ ಕಿವಿ ಮೂಗು ಗಂಟಲು ತಜ್ಞರು ಸಣ್ಣ ಕ್ಯಾಮೆರಾ ಹಾಕಿ ಧ್ವನಿತಂತುಗಳನ್ನು ನೋಡಬೇಕು. ತಂತುಗಳನ್ನು ತಿರುಗಿಸುವ ಮೃದ್ವಸ್ಥಿ ಜಾಗ ತಪ್ಪಿರಬಹುದು, ತಂತುವೊಂದರ ಚಲನೆ ಕುಂದಿರಬಹುದು, ಒತ್ತಿದ ಜಾಗದಲ್ಲಿ ಸಣ್ಣ ಗಂಟು ಬೆಳೆದಿರಬಹುದು. ಬೇಗ ಕಂಡುಹಿಡಿದರೆ ಚಿಕಿತ್ಸೆ ಸುಲಭ.

ಅತ್ತೆಗೆ ಥೈರಾಯ್ಡ್ ಆಪರೇಶನ್ ಆಗಿ ಧ್ವನಿ ಗೊಗ್ಗರಾಗಿದೆ. ಇದೂ ಟ್ಯೂಬಿನದೇ?

ಇರಬಹುದು, ಇಲ್ಲದಿರಲೂಬಹುದು. ಧ್ವನಿತಂತುಗಳಿಗೆ ಹೋಗುವ ನರ ಥೈರಾಯ್ಡ್ ಗ್ರಂಥಿಯ ಹಿಂದೆಯೇ ಹಾದುಹೋಗುತ್ತದೆ. ಆದ್ದರಿಂದ ಈ ಆಪರೇಶನ್ ಆದವರ ಧ್ವನಿಯನ್ನು ಟ್ಯೂಬಿನ ಮೇಲೆ ಹಾಕಿ ಕಾಯುತ್ತ ಕೂರದೆ ಸರ್ಜನ್‌ಗೆ ಕೂಡಲೇ ತಿಳಿಸಿ.

ವಾರ್ಡಿನಲ್ಲಿ ಕನ್ನಡ ತಿಳಿದವರು ಯಾರೂ ಇಲ್ಲ. ಅಮ್ಮನಿಗೆ ಬೇರೆ ಭಾಷೆ ಬಾರದು.

ಊರಿನಿಂದ ಮಗನ ಮನೆಗೆಂದು ಬಂದು ಇಲ್ಲಿ ಆಪರೇಶನ್ ಮಾಡಿಸಿಕೊಳ್ಳುವ ತಾಯಂದಿರು ಬಹಳ. ಮೂರು ಮಾತು ಕಲಿಸಿಕೊಟ್ಟು ಕಳಿಸಿ. ಗಂಟಲು ನೋಯುತ್ತಿದೆ ಎನ್ನಲು ಮರಾಠಿಯಲ್ಲಿ 'ಘಸಾ ದುಖತೋಯ್', ಹಿಂದಿಯಲ್ಲಿ 'ಗಲಾ ದುಖ್ ರಹಾ ಹೈ'. ಉಸಿರಾಟದ ತೊಂದರೆಗೆ 'ಶ್ವಾಸ್ ಘ್ಯಾಯಲಾ ತ್ರಾಸ್ ಹೋತೋಯ್'. ಅದೂ ಕಷ್ಟವಾದರೆ ಗಂಟಲ ಮೇಲೆ ಕೈಯಿಟ್ಟು ತೋರಿಸಲಿ. ರಿಕವರಿ ಕೋಣೆಯ ನರ್ಸ್‌ಗೆ ನಿಮ್ಮ ಮೊಬೈಲ್ ನಂಬರು ಕೊಟ್ಟಿರಿ. ಬೇಕೆನಿಸಿದಾಗ ಸ್ಪೀಕರಿನಲ್ಲಿ ಅಮ್ಮನಿಗೆ ಕನ್ನಡದಲ್ಲಿ ಕೇಳಿ ಹೇಳಬಹುದು.

ಮುಂದೆ ಇನ್ನೊಂದು ಆಪರೇಶನ್ ಆಗಬೇಕಿದೆ. ಹಿಂದಿನ ಯಾವ ಕಾಗದ ಇಟ್ಟುಕೊಳ್ಳಬೇಕು?

ಡಿಸ್ಚಾರ್ಜ್ ಕಾರ್ಡಿನಲ್ಲಿ ಟ್ಯೂಬಿನ ವಿಷಯ ಸಾಮಾನ್ಯವಾಗಿ ಇರುವುದಿಲ್ಲ. ಅರಿವಳಿಕೆಯ ದಾಖಲೆ ಎಂಬ ಬೇರೆ ಹಾಳೆ ಇರುತ್ತದೆ; ಟ್ಯೂಬಿನ ಅಳತೆ, ಎಷ್ಟನೇ ಪ್ರಯತ್ನಕ್ಕೆ ಹೋಯಿತು, ಯಾವ ಸಾಧನ ಬಳಸಿದರು ಎಂಬುದೆಲ್ಲ ಅದರಲ್ಲಿ. ಅದರ ಪ್ರತಿ ಕೊಡಿ ಎಂದು ಬರೆದು ಕೇಳಿ. ವೈದ್ಯರ ನಡವಳಿಕೆಯ ಕುರಿತ 2002ರ ನಿಯಮಗಳ ಪ್ರಕಾರ ರೋಗಿ ಕೇಳಿದ ದಾಖಲೆಯನ್ನು 72 ಗಂಟೆಗಳೊಳಗೆ ಕೊಡಬೇಕು. 'ಟ್ಯೂಬ್ ಹಾಕುವುದು ಕಷ್ಟವಾಯಿತು' ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದ್ದರೆ ಅದನ್ನು ಕಾಗದದ ಮೇಲೆ ಬರೆಸಿಕೊಳ್ಳದೆ ಬಿಡಬೇಡಿ. ಮೊಬೈಲಿನಲ್ಲಿ ಅದರ ಫೋಟೋ ಇಟ್ಟುಕೊಳ್ಳಿ, ಮನೆಯ ಇನ್ನೊಬ್ಬರ ಮೊಬೈಲಿಗೂ ಕಳಿಸಿಡಿ. ಮುಂದಿನ ಬಾರಿ ಯಾವ ಊರಿನ ಯಾವ ಆಸ್ಪತ್ರೆಯಾದರೂ ಅರಿವಳಿಕೆ ತಜ್ಞರಿಗೆ ಮೊದಲು ತೋರಿಸಬೇಕಾದದ್ದು ಆ ಹಾಳೆ.